ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡೋಕೆ ಯಾರಿಗೆ ದುಡ್ಡು ಕೊಡ್ತಾರೆ?

ಮೂರನೇ ಮಗಳು

ಅಪ್ಪನಿಗೆ 76 ವರ್ಷ. ಹಾರ್ಟ್ ಫೇಲ್ಯೂರ್ ಇದೆ, ಸಕ್ಕರೆ ಕಾಯಿಲೆನೂ ಇದೆ. ಹೋದ ತಿಂಗಳು ಒಂದು ದೊಡ್ಡ ಆಸ್ಪತ್ರೇಲಿ ಆರು ದಿನ ಇದ್ದು ಮನೆಗೆ ಬಂದ್ರು. ಡಿಸ್ಚಾರ್ಜ್ ಚೀಟೀಲಿ ಹೃದಯದ ಬಡಿತ ಇಳಿಸೋ ಮಾತ್ರೆ ಬರೆದಿದ್ರು. ನಮ್ಮ ಮಾಮೂಲಿ ಡಾಕ್ಟ್ರು ಮೊದಲೇ ಬರೆದಿದ್ದ ಚೀಟೀಲೂ ಅದೇ ಮಾತ್ರೆ ಇತ್ತು, ಆದ್ರೆ ಬೇರೆ ಕಂಪನಿ ಹೆಸರಲ್ಲಿ. ನಮಗೇನು ಗೊತ್ತಾಗಬೇಕು, ಎರಡನ್ನೂ ತಪ್ಪದೆ ಕೊಟ್ವಿ. ಒಂಬತ್ತನೇ ದಿನ ಬೆಳಿಗ್ಗೆ ಬಚ್ಚಲ ಬಾಗಿಲಲ್ಲಿ ಕುಸಿದು ಕೂತ್ರು. ನಾಡಿ 38. ಮತ್ತೆ ಅಡ್ಮಿಷನ್, ಮತ್ತೆ ನಾಲ್ಕು ದಿನ.

ಈಗ ಚೆನ್ನಾಗಿದ್ದಾರೆ. ಯಾರ ಮೇಲೂ ಕೇಸ್ ಹಾಕೋಕೆ ಹೊರಟಿಲ್ಲ. ಆದ್ರೆ ಎರಡೂ ಕಡೆ ಕೇಳ್ದೆ. "ನಿಮ್ಮ ಡಾಕ್ಟ್ರು ನೋಡಬೇಕಿತ್ತಲ್ಲ" ಅಂದ್ರು ಆಸ್ಪತ್ರೆಯವರು. "ಅಡ್ಮಿಟ್ ಆಗಿದ್ದೇ ನನಗೆ ಯಾರೂ ಹೇಳಿಲ್ಲಮ್ಮ" ಅಂದ್ರು ಡಾಕ್ಟ್ರು. ಇಬ್ಬರೂ ಸುಳ್ಳು ಹೇಳ್ತಿರಲಿಲ್ಲ. ಎರಡನೇ ಅಡ್ಮಿಷನ್ನಿನ ಬಿಲ್ ಮಾತ್ರ ಒಂದು ಪೈಸೆ ತಪ್ಪಿಲ್ಲದೆ ಬಂತು.

ಈ ಚರ್ಚಾ ಗುಂಪಲ್ಲಿ ಆಸ್ಪತ್ರೆ, ವಿಮೆ ಕೆಲಸದವರು ಇದ್ದೀರಲ್ಲ, ಒಂದೇ ಪ್ರಶ್ನೆ. ಎರಡು ಚೀಟಿ ಪಕ್ಕಪಕ್ಕ ಇಟ್ಟು ನೋಡೋ ಕೆಲಸಕ್ಕೆ ಪ್ರಪಂಚದಲ್ಲಿ ಎಲ್ಲಾದ್ರೂ ಯಾರಿಗಾದ್ರೂ ದುಡ್ಡು ಸಿಗುತ್ತಾ?

ಲೆಕ್ಕದ ಪುಸ್ತಕ

ಆಸ್ಪತ್ರೆ ಹಣಕಾಸು ವಿಭಾಗದಲ್ಲಿ 14 ವರ್ಷ ಸವೆಸಿದ್ದೀನಿ. ಇಲ್ಲ ಮೇಡಂ, ಸಿಗಲ್ಲ. ನಾವು ಬಿಲ್ ಹಾಕೋ ಪಟ್ಟೀಲಿ ಆ ಕೆಲಸಕ್ಕೆ ಹೆಸರೇ ಇಲ್ಲ. ಹೆಸರಿಲ್ಲದ್ದಕ್ಕೆ ದರ ಇಲ್ಲ, ದರ ಇಲ್ಲದ್ದಕ್ಕೆ ಆಳನ್ನ ಕೊಡಿ ಅಂದ್ರೆ ಮ್ಯಾನೇಜ್‌ಮೆಂಟ್ ಕೊಡಲ್ಲ.

ಹೀಗ್ಯಾಕಾಯ್ತು ಅಂತ ಸ್ವಲ್ಪ ಹಿಂದಿಂದ ಹೇಳ್ತೀನಿ, ಬೇಜಾರಾದ್ರೆ ಕೆಳಗೆ ಹಾರಿ. ಅಮೆರಿಕದ ಉದಾಹರಣೆ ಕೊಡ್ತೀನಿ, ಯಾಕಂದ್ರೆ ಈ ಪ್ರಯೋಗಗಳೆಲ್ಲ ಅಲ್ಲೇ ಜಾಸ್ತಿ ನಡೆದಿರೋದು, ಎಡವಿದ್ದೂ ಅಲ್ಲೇ ಜಾಸ್ತಿ. ಅಲ್ಲಿ ವಯಸ್ಸಾದವರ ಸರ್ಕಾರಿ ವಿಮೆ ಮೆಡಿಕೇರ್. ಅದು ಮೊದಲು ಆಸ್ಪತ್ರೆಗೆ ಏನು ಖರ್ಚಾಯ್ತೋ ಅದನ್ನ ತುಂಬಿಕೊಡ್ತಿತ್ತು. ಖರ್ಚು ಜಾಸ್ತಿ ಆದಷ್ಟೂ ಆದಾಯ ಜಾಸ್ತಿ! 1983ರಲ್ಲಿ ಅದನ್ನ ನಿಲ್ಲಿಸಿ ಡಿಆರ್‌ಜಿ ತಂದ್ರು. ರೋಗಿಗಳನ್ನ ಕಾಯಿಲೆ, ಚಿಕಿತ್ಸೆ ನೋಡಿ ಗುಂಪು ಮಾಡೋದು, ಗುಂಪಿಗೊಂದು ದರ. ಈ ಗುಂಪುಗಳನ್ನ ಕಟ್ಟಿದವರು ಯೇಲ್ ವಿಶ್ವವಿದ್ಯಾಲಯದ ರಾಬರ್ಟ್ ಫೆಟರ್ ಮತ್ತು ಜಾನ್ ಥಾಂಪ್ಸನ್. ಇಬ್ಬರೂ ವೈದ್ಯರಲ್ಲ. ಫೆಟರ್ ಮ್ಯಾನೇಜ್‌ಮೆಂಟ್ ಪ್ರೊಫೆಸರ್, ಥಾಂಪ್ಸನ್ ನರ್ಸಿಂಗ್ ಓದಿದವರು. ಅಂದಿನಿಂದ ನ್ಯುಮೋನಿಯಾ ಅಡ್ಮಿಷನ್ನಿಗೆ ಇಷ್ಟು ಅಂದ್ರೆ ಇಷ್ಟೇ, ಮೂರು ದಿನ ಇಟ್ಕೊಂಡ್ರೂ ಅಷ್ಟೇ, ಎಂಟು ದಿನ ಇಟ್ಕೊಂಡ್ರೂ ಅಷ್ಟೇ.

ಇದರಿಂದ ಆಸ್ಪತ್ರೆಯವರು ಬೇಗ ಮನೆಗೆ ಕಳಿಸೋದು ಕಲಿತ್ರು. ಆದ್ರೆ ಡಾಕ್ಟರ ಫೀಸು ಆ ಪ್ಯಾಕೇಜಿನೊಳಗೆ ಬರಲಿಲ್ಲ, ಹೊರಗೇ ಉಳೀತು. 1992ರಲ್ಲಿ ಅದಕ್ಕೆ ಬೇರೆಯೇ ದರಪಟ್ಟಿ ಬಂತು, ಒಂದೊಂದು ಕೆಲಸಕ್ಕೆ ಒಂದೊಂದು ಅಂಕ. ಈಗ ಹಾಸಿಗೆ ಮೇಲಿರೋ ರೋಗಿಯನ್ನ ನೋಡಿ. ಇನ್ನೊಂದು ದಿನ ಇದ್ರೆ ಆಸ್ಪತ್ರೆಗೆ ಖರ್ಚು, ರೌಂಡ್ಸಿಗೆ ಬರೋ ಫಿಸಿಶಿಯನ್ನಿಗೆ ಇನ್ನೊಂದು ಫೀಸು. ಮನೆಗೆ ಹೋದ ಮೇಲೆ ಇಬ್ಬರಿಗೂ ಏನೂ ಇಲ್ಲ. ವಾಪಸ್ ಬಂದ್ರೆ ಇಬ್ಬರಿಗೂ ಹೊಸ ಬಿಲ್ಲು.

ನಿಮ್ಮ ಅಪ್ಪ ಕುಸಿದದ್ದು ಆ "ಮನೆಗೆ ಹೋದ ಮೇಲೆ" ಅನ್ನೋ ಜಾಗದಲ್ಲಿ.

ರಾತ್ರಿಪಾಳಿ

ಲೆಕ್ಕದ ಸರ್, ನೀವು ಒಂದನ್ನ ಮರೆತ್ರಿ. ಪಟ್ಟೀಲಿ ಹೆಸರು ಇದೆ! ನಾನು ಅಮೆರಿಕದಲ್ಲಿ ಕೇರ್ ಕೋಆರ್ಡಿನೇಟರ್ ನರ್ಸು. ಅದೇ ಬಿಲ್ ಮೇಲೆ ನನ್ನ ಸಂಬಳ ನಡೆಯೋದು.

2013ರಿಂದ ಮೆಡಿಕೇರ್ ಇದಕ್ಕೊಂದು ಕೋಡ್, ಅಂದ್ರೆ ಬಿಲ್ ಹಾಕೋಕೆ ಪಟ್ಟೀಲಿ ಒಂದು ನಂಬರು, ಕೊಟ್ಟಿದೆ. ಡಿಸ್ಚಾರ್ಜ್ ಆದ ಎರಡು ಕೆಲಸದ ದಿನದೊಳಗೆ ರೋಗಿಗೆ ಫೋನ್ ಮಾಡಬೇಕು, 7 ಅಥವಾ 14 ದಿನದೊಳಗೆ ಡಾಕ್ಟ್ರು ನೋಡಬೇಕು, ಆ ಭೇಟಿಯ ದಿನಕ್ಕೆ ಮುಂಚೆ ಅಥವಾ ಅವತ್ತೇ ಹಳೇ ಮಾತ್ರೆ ಪಟ್ಟಿ, ಹೊಸ ಮಾತ್ರೆ ಪಟ್ಟಿ ತಾಳೆ ನೋಡಿರಬೇಕು. ಅಂದ್ರೆ ಮೂರನೇ ಮಗಳು ಕೇಳ್ತಿರೋ ಅದೇ ಕೆಲಸ. ಅದಿಲ್ಲ ಅಂದ್ರೆ ಬಿಲ್ ಹಾಕೋಹಾಗಿಲ್ಲ.

2015ರಲ್ಲಿ ಇನ್ನೊಂದು ಬಂತು. ಎರಡು ಅಥವಾ ಹೆಚ್ಚು ದೀರ್ಘಕಾಲದ ಕಾಯಿಲೆ ಇರೋರಿಗೆ ತಿಂಗಳಿಗೆ ಕನಿಷ್ಠ 20 ನಿಮಿಷ, ಮುಖಾಮುಖಿ ಅಲ್ಲದೆ, ಫೋನು, ಫಾರ್ಮಸಿ ಜೊತೆ ಮಾತು, ಸ್ಪೆಷಲಿಸ್ಟ್ ಆಫೀಸಿಗೆ ಕಾಗದ, ಇವಕ್ಕೆ. ಕೇಳೋಕೆ ಚೆನ್ನಾಗಿದೆ ಅಲ್ವಾ? ಈಗ ನನ್ನ ತಿಂಗಳ 29ನೇ ತಾರೀಕು ನೋಡಿ. ಸ್ಕ್ರೀನ್ ಮೇಲೆ ರೋಗಿಗಳ ಹೆಸರು, ಪಕ್ಕದಲ್ಲಿ ನಿಮಿಷ. ಒಬ್ಬಜ್ಜಿ 17 ನಿಮಿಷಕ್ಕೆ ನಿಂತಿದ್ದಾರೆ. ಅವರಿಗೆ ಏನೂ ತೊಂದರೆ ಇಲ್ಲ, ಚೆನ್ನಾಗೇ ಇದ್ದಾರೆ. ಆದ್ರೂ ಫೋನ್ ಮಾಡಿ ಇನ್ನು ಮೂರು ನಿಮಿಷ ಮಾತಾಡ್ತೀನಿ, ಇಲ್ಲಾಂದ್ರೆ ಆ 17 ನಿಮಿಷವೂ ಪುಕ್ಕಟೆ. ಮೂರನೇ ನಿಮಿಷಕ್ಕೆ ಅಜ್ಜಿ "ಏನಮ್ಮ, ಇವತ್ತು ಕೆಲಸ ಇಲ್ವಾ ನಿಂಗೆ?" ಅಂತಾರೆ. ಇದರ ಬಿಲ್ಲಲ್ಲಿ ಶೇಕಡ 20 ಅವರೇ ಕಟ್ಟಬೇಕು, ಬೇರೆ ಪೂರಕ ವಿಮೆ ಇಲ್ಲದಿದ್ರೆ. ಅದನ್ನ ಹೇಳಿ ಒಪ್ಪಿಗೆ ತಗೊಳ್ಳೋವಾಗ ಎಷ್ಟೋ ಜನ ಬೇಡ ಅಂದುಬಿಡ್ತಾರೆ.

ಇನ್ನು ಮೊದಲ ಕೋಡ್ ನಡೀಬೇಕು ಅಂದ್ರೆ ಡಿಸ್ಚಾರ್ಜ್ ಆಗಿದ್ದು ನಮಗೆ ಗೊತ್ತಾಗಬೇಕಲ್ಲ. ಆಸ್ಪತ್ರೆಗಳು ರೋಗಿಯ ಡಾಕ್ಟರಿಗೆ ಕಂಪ್ಯೂಟರ್ ಮೂಲಕ ಸುದ್ದಿ ಕಳಿಸಲೇಬೇಕು ಅಂತ ನಿಯಮ ಜಾರಿಗೆ ಬಂದದ್ದು 2021ರಲ್ಲಿ. ಎಂಟು ವರ್ಷ ದುಡ್ಡಿತ್ತು, ಸುದ್ದಿ ಇರಲಿಲ್ಲ.

ಲೆಕ್ಕದ ಪುಸ್ತಕ

ತಪ್ಪು ಒಪ್ಪಿಕೊಂಡೆ ಸಿಸ್ಟರ್. ನಾನು ಆಸ್ಪತ್ರೆ ಕಡೆಯಿಂದ ಮಾತ್ರ ನೋಡಿ ಹೇಳ್ದೆ.

ಕಟುಕಣ್ಣು

ಪ್ರತಿ ಕೆಲಸಕ್ಕೂ ಕೋಡ್, ಪ್ರತಿ ಕೋಡಿಗೂ ಸ್ಟಾಪ್‌ವಾಚ್. ಇದಕ್ಕಿಂತ ತಲೆಗಿಷ್ಟು ಅಂತ ವರ್ಷಕ್ಕೊಂದು ಸಲ ಕೊಟ್ಟು "ಈ ಮನುಷ್ಯನನ್ನ ನೋಡ್ಕೊಳ್ಳಿ" ಅನ್ನೋದು ಸುಲಭ ಅಲ್ವಾ? ಆದ್ರೆ ಅದನ್ನೂ ಮಾಡಿ ನೋಡಿದ್ದಾರೆ. ಆಗ ಡಾಕ್ಟ್ರು ಬಾಗಿಲೇ ತೆಗೆಯಲ್ಲ, ಸ್ಪೆಷಲಿಸ್ಟ್ ಹತ್ರ ಕಳಿಸಲ್ಲ. ಒಂದು ಕಡೆ ಬೇಡದ್ದನ್ನೆಲ್ಲ ಮಾಡ್ತಾರೆ, ಇನ್ನೊಂದು ಕಡೆ ಬೇಕಾದ್ದನ್ನೂ ಮಾಡಲ್ಲ. ಎರಡರಲ್ಲೂ ಸಾಯೋನು ರೋಗಿ.

ಹಳೇ ಸ್ಟೆತಸ್ಕೋಪು

ಕಟುಕಣ್ಣು ಅವರೇ, ಅರ್ಧ ಒಪ್ಪುತ್ತೇನೆ. ನಾನು ಜನರಲ್ ಪ್ರಾಕ್ಟೀಸಿನವನು, ತಲಾವಾರು ಪಾವತಿಯಲ್ಲೂ ದುಡಿದಿದ್ದೇನೆ, ಬಿಲ್ಲಿಗೆ ಬಿಲ್ಲಲ್ಲೂ ದುಡಿದಿದ್ದೇನೆ.

ತಲಾವಾರು ಪಾವತಿಯ ಒಳ್ಳೆಯ ಮುಖಕ್ಕೆ ಒಂದು ಹಳೆಯ ಕಥೆ ಇದೆ. 1933ರಲ್ಲಿ ಸಿಡ್ನಿ ಗಾರ್ಫೀಲ್ಡ್ ಎಂಬ ಯುವ ಸರ್ಜನ್ ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ ನೀರಿನ ಕಾಲುವೆ ತೋಡುವ ಕೂಲಿಗಳಿಗಾಗಿ ಪುಟ್ಟ ಆಸ್ಪತ್ರೆ ತೆರೆದ. ಬಿಲ್ಲು ಹಾಕಿ ಹಾಕಿ ದಿವಾಳಿಯಾಗುವ ಹಂತಕ್ಕೆ ಬಂದ. ಆಗ ವಿಮಾ ಕಂಪನಿ ಒಬ್ಬ ಕೂಲಿಗೆ ದಿನಕ್ಕೆ 5 ಸೆಂಟ್‌ನಂತೆ ಮುಂಗಡ ಕೊಡಲು ಒಪ್ಪಿತು. ಆಮೇಲೆ ಗಾರ್ಫೀಲ್ಡ್ ಮಾಡಿದ್ದೇನು ಅಂದರೆ, ಕೆಲಸದ ಜಾಗಕ್ಕೇ ಹೋಗಿ ಹಲಗೆಗಳಿಂದ ಮೊಳೆ ಕೀಳಿಸಿದ, ಸುರಂಗದೊಳಗೆ ತಲೆಗೆ ಬೀಳದಂತೆ ಆಸರೆ ಕೊಡಿಸಿದ ಎಂದು ಹೇಳುತ್ತಾರೆ. ಮೊಳೆ ಚುಚ್ಚಿಸಿಕೊಂಡವನು ಮೊದಲು ಅವನಿಗೆ ಆದಾಯ, ಈಗ ಖರ್ಚು. ಕೈಸರ್ ಪರ್ಮನೆಂಟೆ ಎಂಬ ದೊಡ್ಡ ಸಂಸ್ಥೆ ಹುಟ್ಟಿದ್ದು ಅಲ್ಲಿಂದ. ಅಲ್ಲಿ ವಿಮೆ, ಆಸ್ಪತ್ರೆ, ವೈದ್ಯರ ಗುಂಪು ಒಂದೇ ಸೂರಿನ ಕೆಳಗಿವೆ. ವೈದ್ಯರಿಗೆ ಬಹುಮಟ್ಟಿಗೆ ಸಂಬಳ.

ಕೆಟ್ಟ ಮುಖ 1990ರ ದಶಕದ್ದು. ಸೂರು ಒಂದಾಗದೆ ಬರೀ ಹಣವನ್ನು ತಲಾವಾರು ಮಾಡಿದರು. ಸಣ್ಣ ಸಣ್ಣ ವೈದ್ಯರ ಗುಂಪುಗಳು "ನಮ್ಮ ಜವಾಬ್ದಾರಿ" ಎಂದು ಸಹಿ ಹಾಕಿದವು. ಪಟ್ಟಿಯಲ್ಲಿ ನಾಲ್ಕು ಜನ ವಿಪರೀತ ಕಾಯಿಲೆಯವರು ಬಂದರೆ ಸಾಕು, ಆ ವರ್ಷದ ಗಳಿಕೆ ಮುಗಿಯಿತು. ಹಲವು ಗುಂಪುಗಳು ಮುಳುಗಿದವು. ಜನ ರೊಚ್ಚಿಗೆದ್ದರು, ತಪ್ಪೇನಿಲ್ಲ.

ಆದರೆ ನೀವು "ಬಾಗಿಲೇ ತೆಗೆಯಲ್ಲ" ಎಂದದ್ದು ಪೂರ್ತಿ ನಿಜವಲ್ಲ. ನನ್ನ ತಲಾವಾರು ದಿನಗಳಲ್ಲಿ ಮಧ್ಯಾಹ್ನ ಎರಡರಿಂದ ಮೂರು ಗಂಟೆ ನಾನು ಫೋನಿನಲ್ಲೇ ಇರುತ್ತಿದ್ದೆ. ಹತ್ತು ರೋಗಿಗಳಲ್ಲಿ ಏಳು ಜನ ಬರುವ ಅಗತ್ಯವೇ ಇರುತ್ತಿರಲಿಲ್ಲ. ಬಿಲ್ಲಿನ ಪದ್ಧತಿಗೆ ಬಂದ ಮೇಲೆ ಆ ಗಂಟೆ ಹೋಯಿತು, ಏಳು ಜನರನ್ನೂ ಕರೆಸಬೇಕಾಯಿತು. ನಾನು ಅದೇ ಮನುಷ್ಯ, ಓದಿದ್ದೂ ಅದೇ.

ಮೂಳೆ ಡಾಕ್ಟ್ರು

ಸರ್ಜನ್ ಕಡೆಯಿಂದಲೂ ಒಂದು ಮಾತಿರಲಿ. ತಲಾವಾರು ಬಿಡಿ, ಮಂಡಿ ಬದಲಿಸೋ ಆಪರೇಷನ್ ಥರದ್ದಕ್ಕೆ ಕಂತೆ ಪಾವತಿಯೇ ಸರಿ, ಅಂದ್ರೆ ಇಡೀ ಚಿಕಿತ್ಸೆಗೆ ಸೇರಿಸಿ ಒಂದೇ ಮೊತ್ತ. ಶುರುವೂ ಗೊತ್ತು, ಕೊನೆಯೂ ಗೊತ್ತು.

2016ರ ಏಪ್ರಿಲ್‌ನಲ್ಲಿ ಮೆಡಿಕೇರ್ 67 ನಗರ ಪ್ರದೇಶಗಳ ಆಸ್ಪತ್ರೆಗಳಿಗೆ ಇದನ್ನ ಕಡ್ಡಾಯ ಮಾಡ್ತು. ಸೊಂಟ ಅಥವಾ ಮಂಡಿ ಕೀಲು ಬದಲಿಸಿದ್ರೆ ಅಡ್ಮಿಷನ್ನಿಂದ ಹಿಡಿದು ಡಿಸ್ಚಾರ್ಜ್ ಆಗಿ 90 ದಿನದವರೆಗಿನ ಖರ್ಚಿಗೆಲ್ಲ ಒಂದು ಗುರಿ. ಡಾಕ್ಟ್ರ ಫೀಸು, ಫಿಸಿಯೋಥೆರಪಿ, ಮತ್ತೆ ಅಡ್ಮಿಟ್ ಆದ್ರೆ ಅದೂ. ಗುರಿಗಿಂತ ಕಡಿಮೆ ಆದ್ರೆ ಆಸ್ಪತ್ರೆಗೆ ಉಳಿಕೆ, ಜಾಸ್ತಿ ಆದ್ರೆ ಆಸ್ಪತ್ರೆ ಕೈಯಿಂದ.

ಉಳಿತಾಯ ಎಲ್ಲಿಂದ ಬಂತು ಗೊತ್ತಾ? ಆಪರೇಷನ್ ಥಿಯೇಟರಿಂದ ಅಲ್ಲ. ಆಪರೇಷನ್ ಆದವರನ್ನ ನರ್ಸಿಂಗ್ ಹೋಮಿಗೆ ಕಳಿಸೋದನ್ನ ಕಡಿಮೆ ಮಾಡಿ ಸೀದಾ ಮನೆಗೆ ಕಳಿಸಿದ್ದರಿಂದ. ಅದಕ್ಕೆ ತಯಾರಿ ಆಪರೇಷನ್ನಿಗೆ ಮೂರು ವಾರ ಮುಂಚೆ ಶುರು ಆಗಬೇಕು: ಮನೇಲಿ ಮೆಟ್ಟಿಲೆಷ್ಟು, ಬಚ್ಚಲಲ್ಲಿ ಹಿಡಿಯೋಕೆ ಕಂಬಿ ಇದೆಯಾ, ಮೊದಲ ವಾರ ಜೊತೇಲಿ ಯಾರಿರ್ತಾರೆ. ಇದನ್ನೆಲ್ಲ ನಾನು ಮೊದಲು ಕೇಳ್ತಿದ್ದೆನಾ? ಸುಳ್ಳು ಯಾಕೆ ಹೇಳ್ಲಿ, ಕೇಳ್ತಿರಲಿಲ್ಲ. ಉಳಿತಾಯ ಭಾರೀ ಏನಲ್ಲ, ಆದ್ರೆ ತೊಡಕುಗಳು ಹೆಚ್ಚಾಗಲಿಲ್ಲ, ಅದು ಮುಖ್ಯ.

ಈಗ ಅದರ ಕೊಳಕು. ಶುರುವಲ್ಲಿ ಗುರಿ ಲೆಕ್ಕ ಹಾಕೋವಾಗ ರೋಗಿಯ ಕಷ್ಟ ಅಳೆದದ್ದು ಡಿಆರ್‌ಜಿ ಯಾವುದು, ಸೊಂಟದ ಮೂಳೆ ಮುರಿದಿತ್ತಾ, ಇವೆರಡರಲ್ಲಿ ಅಷ್ಟೇ. 140 ಕಿಲೋ ತೂಕ, ಸಕ್ಕರೆ, ಒಂಟಿ ಬದುಕು, ಇದ್ಯಾವುದಕ್ಕೂ ಲೆಕ್ಕ ಇಲ್ಲ. ಅಂಥವರು ಕ್ಲಿನಿಕ್ಕಿಗೆ ಬಂದ್ರೆ "ತೂಕ ಇಳಿಸಿ ಬನ್ನಿ" ಅನ್ನೋ ಮಾತು ಸ್ವಲ್ಪ ಬೇಗ ಬಾಯಿಗೆ ಬರುತ್ತೆ. ಆ ಮಾತಲ್ಲಿ ವೈದ್ಯ ಎಷ್ಟು, ಲೆಕ್ಕ ಎಷ್ಟು ಅಂತ ನನಗೇ ಕೆಲವು ಸಲ ಗೊತ್ತಾಗಲ್ಲ.

ಆ ಯೋಜನೆ 2024ರ ಕೊನೆಗೆ ಮುಗೀತು. ಅದರ ಹಿಂದೆಯೇ ಟೀಮ್ ಅಂತ ಹೊಸದು, 2026ರ ಜನವರಿಯಿಂದ, ಐದು ಬಗೆ ಆಪರೇಷನ್ನಿಗೆ. ಇದರಲ್ಲಿ ಡಿಸ್ಚಾರ್ಜ್ ಆದ ಮೇಲಿನ ಅವಧಿ 30 ದಿನ ಮಾತ್ರ. ನನ್ನ ಪ್ರಕಾರ ಹಿಂದಡಿ. ಮಂಡಿಗೆ 30 ದಿನದಲ್ಲಿ ಏನೂ ಗೊತ್ತಾಗಲ್ಲ.

ಮೂರನೇ ಮಗಳು

ಡಾಕ್ಟ್ರೇ, ಗುರಿಗಿಂತ ಕಡಿಮೆ ಆದ್ರೆ ಆಸ್ಪತ್ರೆಗೆ ಉಳಿಕೆ ಅಂದ್ರಿ. ಮೆಟ್ಟಿಲು, ಕಂಬಿ ಕೇಳಿದ್ದು ನೀವು. ನಿಮಗೇನು ಸಿಕ್ತು?

ಮೂಳೆ ಡಾಕ್ಟ್ರು

ಒಳ್ಳೇ ಪ್ರಶ್ನೆ, ನಮ್ಮವರೆಲ್ಲ ಮೊದಲು ಕೇಳಿದ್ದೂ ಇದೇ. 🙂 ಆಸ್ಪತ್ರೆ ಬೇಕಾದ್ರೆ ಒಪ್ಪಂದ ಮಾಡಿಕೊಂಡು ಸರ್ಜನ್‌ಗಳಿಗೆ ಪಾಲು ಕೊಡಬಹುದು, ಆದ್ರೆ ಗುಣಮಟ್ಟದ ಷರತ್ತಿನ ಮೇಲೆ. ಇದಕ್ಕೆ ವಿಶೇಷ ವಿನಾಯಿತಿ ಬೇಕಾಗಿತ್ತು. ಯಾಕಂದ್ರೆ ಸೇವೆ ಕಡಿಮೆ ಮಾಡು ಅಂತ ಆಸ್ಪತ್ರೆ ಡಾಕ್ಟ್ರಿಗೆ ದುಡ್ಡು ಕೊಡೋದು ಅಮೆರಿಕದಲ್ಲಿ ದಂಡ ಬೀಳೋ ತಪ್ಪು. 1999ರಲ್ಲಿ ಸರ್ಕಾರದ ತಪಾಸಣಾ ಕಚೇರಿ ಇಂಥ ಪಾಲುದಾರಿಕೆಗಳ ವಿರುದ್ಧ ಎಚ್ಚರಿಕೆನೇ ಹೊರಡಿಸಿತ್ತು. 2015ರಲ್ಲಿ ಕಾನೂನು ತಿದ್ದಿ "ವೈದ್ಯಕೀಯವಾಗಿ ಅಗತ್ಯವಾದ" ಸೇವೆ ಕಡಿಮೆ ಮಾಡಿಸಿದ್ರೆ ಮಾತ್ರ ತಪ್ಪು ಅಂತ ಮಾಡಿದ್ರು. ಆ ಎರಡು ಪದ ಸೇರೋಕೆ ಹದಿನಾರು ವರ್ಷ.

ಕಾನೂನು ಮಾಡಿದವರ ಭಯ ಸುಳ್ಳಲ್ಲ. ಎರಡು ಸ್ಕ್ರೂ ಬದಲು ಒಂದು ಹಾಕಿ ಪಾಲು ತಗೋ ಅಂದ್ರೆ ತಗೊಳ್ಳೋರು ಇದ್ದಾರೆ.

ಸಂಭವನೀಯತೆ

ವಿಮಾ ಗಣಿತದವನು. ಎಲ್ಲರೂ ಸುತ್ತಲೂ ಸುತ್ತುತ್ತಿದ್ದೀರಿ, ನಡುವಿನ ಲೆಕ್ಕವನ್ನು ಯಾರೂ ಬಿಡಿಸಿಲ್ಲ. ಕಾಲ್ಪನಿಕ ಅಂಕಿ ಇಟ್ಟು ಬಿಡಿಸುತ್ತೇನೆ, ಕಾಗದ ತೆಗೆದುಕೊಂಡು ಕೂತರೆ ಐದು ನಿಮಿಷದ ಕೆಲಸ.

ಹಾರ್ಟ್ ಫೇಲ್ಯೂರ್ ರೋಗಿ, ಮನೆಯಲ್ಲಿ ದಿನಾ ಬೆಳಿಗ್ಗೆ ತೂಕ ನೋಡಿಕೊಳ್ಳುತ್ತಾರೆ. ಮೂರು ದಿನದಲ್ಲಿ ಎರಡು ಕಿಲೋ ಏರಿತು. ಮೈಯಲ್ಲಿ ನೀರು ತುಂಬುತ್ತಿದೆ ಎಂದರ್ಥ. ನರ್ಸ್ ಅದನ್ನು ನೋಡಿ, ಡಾಕ್ಟರನ್ನು ಕೇಳಿ, ನೀರು ಹೋಗುವ ಮಾತ್ರೆ ಹೆಚ್ಚಿಸಿದರು. ಒಂದು ಅಡ್ಮಿಷನ್ ತಪ್ಪಿತು. ಆ ಅಡ್ಮಿಷನ್ನಿಗೆ ವಿಮೆ ಕೊಡಬೇಕಿದ್ದದ್ದು 100 ಎನ್ನೋಣ. ಉಳಿತಾಯದಲ್ಲಿ ಅರ್ಧ ಪಾಲು ಕೊಡುವ ಒಪ್ಪಂದವಿದೆ. ನರ್ಸ್, ಫೋನು, ತೂಕದ ಯಂತ್ರ ಎಲ್ಲ ಸೇರಿ ಖರ್ಚು 10.

ಒಪ್ಪಂದ ಮಾಡಿಕೊಂಡದ್ದು ಬರೀ ವೈದ್ಯರ ಗುಂಪಾದರೆ: 50 ಬಂತು, 10 ಹೋಯಿತು, 40 ಲಾಭ.

ಆಸ್ಪತ್ರೆಯೇ ನಡೆಸುವ ಗುಂಪಾದರೆ? ಆ ರೋಗಿ ಬಂದಿದ್ದರೆ 100 ಆದಾಯ, ಔಷಧಿ, ಊಟ, ಸಾಮಗ್ರಿ ಎಂದು 40 ಖರ್ಚು, ಉಳಿದ 60 ಕಟ್ಟಡ, ಯಂತ್ರ, ಸಂಬಳಗಳಿಗೆ ಹೋಗುತ್ತಿತ್ತು. ರೋಗಿ ಬರದಿದ್ದರೂ ಕಟ್ಟಡದ ಕಂತು ನಿಲ್ಲುವುದಿಲ್ಲ. ಆದ್ದರಿಂದ 50 ಬಂತು, 10 ಹೋಯಿತು, 60 ಹೋಯಿತು. 20 ನಷ್ಟ. ಅಡ್ಮಿಷನ್ ತಪ್ಪಿಸಿದ ಪುಣ್ಯಕ್ಕೆ ನಷ್ಟ.

ಮೆಡಿಕೇರ್ 2012ರಲ್ಲಿ ಎಸಿಒಗಳ ಜೊತೆ, ಅಂದರೆ ತಮ್ಮ ರೋಗಿಗಳ ಒಟ್ಟು ಖರ್ಚಿಗೆ ಹೊಣೆ ಹೊರುವ ವೈದ್ಯರ ಅಥವಾ ಆಸ್ಪತ್ರೆಗಳ ಗುಂಪುಗಳ ಜೊತೆ, ಉಳಿತಾಯ ಹಂಚಿಕೆ ಶುರುಮಾಡಿದಾಗ ಇದೇ ನಡೆಯಿತು. ವೈದ್ಯರ ಗುಂಪುಗಳು ನಡೆಸಿದ ಎಸಿಒಗಳು ವರ್ಷದಿಂದ ವರ್ಷಕ್ಕೆ ಉಳಿತಾಯ ತೋರಿಸಿದವು, ಆಸ್ಪತ್ರೆಯೊಳಗಿನವು ಹಿಂದೆ ಬಿದ್ದವು. 2018ರಲ್ಲಿ ಪ್ರಕಟವಾದ ಅಧ್ಯಯನದ ಮುಖ್ಯ ಫಲಿತಾಂಶವೂ ಇದೇ. ಆಸ್ಪತ್ರೆಯವರು ಸೋಮಾರಿಗಳು ಎಂದಲ್ಲ, ಮೇಲಿನ ಕಳೆಯುವ ಲೆಕ್ಕ ಅಷ್ಟೇ.

ಇನ್ನೂ ಎರಡು ಮುಳ್ಳುಗಳಿವೆ. ಗುಂಪು ಎಷ್ಟು ಸಣ್ಣದೋ ಅಷ್ಟು ಅದೃಷ್ಟದ ಆಟ. ಅದಕ್ಕೇ ಕನಿಷ್ಠ 5000 ರೋಗಿಗಳಿರಬೇಕು ಎಂಬ ನಿಯಮ, ಜೊತೆಗೆ ನಷ್ಟದ ಹೊಣೆ ಇಲ್ಲದ ಮೊದಲ ಹಂತದಲ್ಲಿ ಗಾತ್ರಕ್ಕೆ ತಕ್ಕಂತೆ ಶೇಕಡ 2ರಿಂದ 3.9ರಷ್ಟಾದರೂ ಉಳಿಸದಿದ್ದರೆ ಶುರುವಿನ ನಿಯಮದಲ್ಲಿ ಏನೂ ಸಿಗುತ್ತಿರಲಿಲ್ಲ. ಇನ್ನೊಂದು, ಗುರಿಯನ್ನು ನಿಗದಿ ಮಾಡುವುದು ನಿಮ್ಮದೇ ಹಿಂದಿನ ಮೂರು ವರ್ಷದ ಖರ್ಚಿನಿಂದ. ಈ ಸಲ ಚೆನ್ನಾಗಿ ಉಳಿಸಿದರೆ ಮುಂದಿನ ಒಪ್ಪಂದದಲ್ಲಿ ಗುರಿ ಇಳಿಯುತ್ತದೆ. ಹಿಂದಿನಿಂದ ದುಂದು ಮಾಡಿದವನಿಗೆ ಉಳಿಸುವುದು ಸುಲಭ, ಮೊದಲಿನಿಂದ ಅಚ್ಚುಕಟ್ಟಾಗಿದ್ದವನಿಗೆ ಕಷ್ಟ. ಆಮೇಲೆ ಇದನ್ನು ತಿದ್ದಲು ಆ ಪ್ರದೇಶದ ಸರಾಸರಿ ಖರ್ಚನ್ನೂ ಲೆಕ್ಕಕ್ಕೆ ಸೇರಿಸಿದರು.

ಕಟುಕಣ್ಣು

ಸಂಭವನೀಯತೆ ಅವರ ಲೆಕ್ಕ ಎರಡು ಸಲ ಓದಿದೆ. ಅಂದ್ರೆ ಆಸ್ಪತ್ರೆಗೆ ಖಾಲಿ ಹಾಸಿಗೆಗೂ ದುಡ್ಡು ಕೊಡಬೇಕು ಅಂತಾಯ್ತಲ್ಲ!

ಲೆಕ್ಕದ ಪುಸ್ತಕ

ತಮಾಷೆಗೆ ಅಂದ್ರಿ, ಆದ್ರೆ ಮೇರಿಲ್ಯಾಂಡ್ ರಾಜ್ಯದಲ್ಲಿ ಹೆಚ್ಚುಕಡಿಮೆ ಅದೇ ಮಾಡಿದ್ದಾರೆ. ಅಲ್ಲಿ 1970ರ ದಶಕದಿಂದ ಆಸ್ಪತ್ರೆ ದರ ನಿಗದಿ ಮಾಡೋಕೆ ಒಂದು ಆಯೋಗ ಇದೆ. ಯಾವ ವಿಮೆಯವರಾದ್ರೂ ಬಹುಮಟ್ಟಿಗೆ ಅದೇ ದರ. 2014ರಿಂದ ದರದ ಬದಲು ವರ್ಷದ ಒಟ್ಟು ಬಜೆಟ್ಟನ್ನೇ ಮೊದಲು ಹೇಳಿಬಿಡ್ತಾರೆ. ಈ ವರ್ಷ ನಿಮ್ಮ ಆಸ್ಪತ್ರೆಗೆ ಇಷ್ಟು, ರೋಗಿಗಳು ಜಾಸ್ತಿ ಬರಲಿ ಕಡಿಮೆ ಬರಲಿ.

ನನ್ನಂಥವನಿಗೆ ಇದರ ಯಂತ್ರ ಬಹಳ ಇಷ್ಟ. ಬಿಲ್ಲು ಮಾಮೂಲಿನಂತೆ ಒಬ್ಬೊಬ್ಬರ ಹೆಸರಲ್ಲೇ ಹೋಗುತ್ತೆ. ಜನ ಕಡಿಮೆ ಬಂದ್ರೆ ಆಸ್ಪತ್ರೆ ತನ್ನ ದರವನ್ನ ಸ್ವಲ್ಪ ಏರಿಸಿ ಬಜೆಟ್ ಮುಟ್ಟಬಹುದು, ಜಾಸ್ತಿ ಬಂದ್ರೆ ಇಳಿಸಬೇಕು. ಯಾರನ್ನೂ ಕೇಳದೆ ಶೇಕಡ 5ರವರೆಗೆ ಆಚೀಚೆ ಮಾಡಬಹುದು, ಅದಕ್ಕಿಂತ ಹೆಚ್ಚಿಗೆ ಆಯೋಗದ ಅನುಮತಿ. ಹೀಗಾದಾಗ ಆ 60 ನಷ್ಟ ಆಗಲ್ಲ, ತೂಕದ ಯಂತ್ರ ಕೊಡಿಸೋದು ಆಸ್ಪತ್ರೆಗೇ ಲಾಭ.

ಆದ್ರೆ ನೋಡಿ, ಮತ್ತೆ ಅದೇ ಹಣೆಬರಹ. ಬಜೆಟ್ ಆಸ್ಪತ್ರೆಗೆ ಮಾತ್ರ. ಡಾಕ್ಟ್ರು ಹೊರಗೆ, ಮಾಡಿದ ಕೆಲಸಕ್ಕೆ ಬಿಲ್ಲು. ಆಸ್ಪತ್ರೆ ಅಡ್ಮಿಷನ್ ಕಡಿಮೆ ಮಾಡೋಣ ಅಂತಿದೆ, ಅಡ್ಮಿಟ್ ಮಾಡೋ ಪೆನ್ನು ಹಿಡಿದವರ ಆದಾಯ ಅಡ್ಮಿಷನ್ನಿಂದ. ಆಮೇಲೆ ಆಸ್ಪತ್ರೆ ಡಾಕ್ಟ್ರ ಜೊತೆ ಉಳಿತಾಯ ಹಂಚಿಕೊಳ್ಳೋಕೆ ದಾರಿ ಮಾಡಿಕೊಟ್ರು, 2019ರಿಂದ ಆಸ್ಪತ್ರೆ ಹೊರಗಿನ ಮೆಡಿಕೇರ್ ಖರ್ಚಿಗೂ ರಾಜ್ಯ ಉತ್ತರ ಕೊಡಬೇಕು ಅಂತ ಮಾಡಿದ್ರು. ಹೊಲಿಗೆ ಹಾಕ್ತಾನೇ ಇದ್ದಾರೆ.

ರಾತ್ರಿಪಾಳಿ

ಬಹುಮಾನದ ಮಾತೇ ಆಯ್ತು, ಬಾಸುಂಡೆದು ನಾನು ಹೇಳ್ತೀನಿ. 2012ರ ಅಕ್ಟೋಬರಿಂದ, ಡಿಸ್ಚಾರ್ಜ್ ಆದ 30 ದಿನದೊಳಗೆ ವಾಪಸ್ ಬರೋರು ಜಾಸ್ತಿ ಇದ್ರೆ ಆಸ್ಪತ್ರೆಗೆ ದಂಡ. ಮೊದಲು ಹೃದಯಾಘಾತ, ಹಾರ್ಟ್ ಫೇಲ್ಯೂರ್, ನ್ಯುಮೋನಿಯಾ ಮೂರಕ್ಕೆ, ಆಮೇಲೆ ಪಟ್ಟಿ ಬೆಳೀತು. ದಂಡ ಮೆಡಿಕೇರ್ ಅಡ್ಮಿಷನ್ ದರದ ಶೇಕಡ 3ರವರೆಗೆ, ಆ ಕಾಯಿಲೆಗಳಿಗೆ ಮಾತ್ರ ಅಲ್ಲ, ಎಲ್ಲಾ ಅಡ್ಮಿಷನ್ ಮೇಲೂ.

ಆಗ ನಾನು ವಾರ್ಡಲ್ಲಿದ್ದೆ. ಒಳ್ಳೇದೇನಾಯ್ತು ಅಂದ್ರೆ, ಡಿಸ್ಚಾರ್ಜ್ ಅಂದ್ರೆ ಕಾಗದಕ್ಕೆ ಸಹಿ ಅನ್ನೋದು ಹೋಯ್ತು. ರೋಗಿ ಕೈಲಿ ಹೇಳಿಸ್ತಿದ್ವಿ: "ಈ ಮಾತ್ರೆ ಯಾಕೆ? ತೂಕ ಏರಿದ್ರೆ ಯಾರಿಗೆ ಫೋನ್?" ಕೆಟ್ಟದ್ದು, 22ನೇ ದಿನ ಉಸಿರುಗಟ್ಟಿ ಬಂದವರನ್ನ "ನಿಗಾ" ಅಂತ ಬರೆದು ಮಲಗಿಸೋದು ಶುರುವಾಯ್ತು. ಅದೇ ಹಾಸಿಗೆ, ಅದೇ ಡ್ರಿಪ್ಪು. ಕಾಗದದಲ್ಲಿ ಅಡ್ಮಿಷನ್ ಅಲ್ಲ. ಒಬ್ಬ ತಾತ ಕೇಳಿದ್ರು, "ನಾನು ಈಗ ಒಳಗಿದ್ದೀನೋ ಹೊರಗೋ?" ಅಂತ.

ಹಾರ್ಟ್ ಫೇಲ್ಯೂರ್‌ನವರಲ್ಲಿ ಡಿಸ್ಚಾರ್ಜ್ ಆದ ಮೇಲಿನ ಸಾವು ಜಾಸ್ತಿ ಆಯ್ತು ಅಂತ ಒಂದು ಅಧ್ಯಯನ 2018ರಲ್ಲಿ ಬಂತು, ಅದು ದಂಡದಿಂದ ಅಲ್ಲ ಅಂತ ಬೇರೆಯವರು ವಾದ ಮಾಡಿದ್ರು, ಆ ಜಗಳ ನನ್ನ ಮಟ್ಟದ್ದಲ್ಲ. ಬಡವರು ಜಾಸ್ತಿ ಬರೋ ಆಸ್ಪತ್ರೆಗಳಿಗೆ ದಂಡ ಜಾಸ್ತಿ ಬೀಳ್ತಿತ್ತು ಅನ್ನೋದು ಮಾತ್ರ ಎಲ್ಲರೂ ಒಪ್ಪಿದ್ದು. 2019ರ ಲೆಕ್ಕದಿಂದ ಅಂಥ ಆಸ್ಪತ್ರೆಗಳನ್ನ ಅಂಥವುಗಳ ಜೊತೆಗೇ ಹೋಲಿಸ್ತಾರೆ.

ಮೂರನೇ ಮಗಳು

ಎಲ್ಲರಿಗೂ ಥ್ಯಾಂಕ್ಸ್. ತಲೆ ತಿರುಗ್ತಿದೆ, ಆದ್ರೂ ಹಟ ಬಿಡಲ್ಲ. ಇಷ್ಟೊಂದು ಪದ್ಧತಿ ಹೇಳಿದ್ರಲ್ಲ, ಇದರಲ್ಲಿ ಯಾವುದು ಇದ್ದಿದ್ರೆ ಅಪ್ಪನ ಎರಡು ಮಾತ್ರೆ ಸಿಕ್ಕಿಬೀಳ್ತಿತ್ತು?

ಸಂಭವನೀಯತೆ

ಡಿಆರ್‌ಜಿ: ಇಲ್ಲ. ದಂಡ: ಒಂಬತ್ತನೇ ದಿನ ವಾಪಸ್ ಬಂದದ್ದು ಎಣಿಕೆಗೆ ಸಿಗುತ್ತದೆ, ಆದರೆ ಮೊದಲ ಅಡ್ಮಿಷನ್ ಪಟ್ಟಿಯಲ್ಲಿರುವ ಕಾಯಿಲೆಗೆ ಆಗಿದ್ದರೆ ಮಾತ್ರ. ಮಂಡಿ ಡಾಕ್ಟರ ಕಂತೆ: ಅವರಿಗೆ ಮಂಡಿ ಆಪರೇಷನ್ ಆಗಿರಲಿಲ್ಲ. ಎಸಿಒ: ಮಾಮೂಲಿ ಡಾಕ್ಟರ ಗುಂಪಿನಲ್ಲಿದ್ದರೆ ಸಾಧ್ಯತೆ ಹೆಚ್ಚು. ಆದರೆ ಅಲ್ಲಿ ರೋಗಿ ಯಾವ ಆಸ್ಪತ್ರೆಗಾದರೂ ಹೋಗಬಹುದು, ಆ ಆಸ್ಪತ್ರೆಗೆ ಈ ಗುಂಪಿನ ಹಂಗಿಲ್ಲ.

ಹಳೇ ಸ್ಟೆತಸ್ಕೋಪು

ನೆದರ್ಲೆಂಡ್ಸ್ ವಿಷಯ ಸೇರಿಸುತ್ತೇನೆ, ಪಾಠ ಅಲ್ಲಿದೆ. 2007ರಲ್ಲಿ ಪ್ರಯೋಗ ಮಾಡಿ, 2010ರಿಂದ ದೇಶದಾದ್ಯಂತ ಸಕ್ಕರೆ ಕಾಯಿಲೆಗೆ ವರ್ಷದ ಕಂತೆ ಪಾವತಿ ತಂದರು. ಜನರಲ್ ಪ್ರಾಕ್ಟೀಸಿನವರೇ ಸೇರಿ ಆರೈಕೆ ಗುಂಪು ಕಟ್ಟಿಕೊಂಡರು. ವಿಮೆ ಆ ಗುಂಪಿಗೆ ಹಣ ಕೊಡುತ್ತದೆ, ಗುಂಪು ಆಹಾರ ತಜ್ಞರು, ಪಾದ ಪರೀಕ್ಷೆ, ಕಣ್ಣಿನ ಪರೀಕ್ಷೆ ಎಲ್ಲವನ್ನೂ ಹೊಂದಿಸುತ್ತದೆ. ಪಾದ ನೋಡಿದ್ದು, ಕಣ್ಣು ನೋಡಿದ್ದು ಎಲ್ಲ ಒಂದೇ ದಾಖಲೆಯಲ್ಲಿ. ಅದೆಲ್ಲ ಸೊಗಸು. ಆದರೆ ಔಷಧಿಯ ಖರ್ಚು ಮತ್ತು ಆಸ್ಪತ್ರೆಯ ಸ್ಪೆಷಲಿಸ್ಟ್ ಚಿಕಿತ್ಸೆ, ಎರಡೂ ಕಂತೆಯ ಹೊರಗೆ. ನಿಮ್ಮ ತಂದೆಯ ಎಡವಟ್ಟು ನಡೆದದ್ದು ಆ ಎರಡರ ಸಂದಿಯಲ್ಲಿ ತಾನೆ? ಮೇಲಾಗಿ ಕಂತೆ ಕಾಯಿಲೆಗೊಂದು. ಸಕ್ಕರೆಯೂ ಹೃದಯವೂ ಇರುವ ಮನುಷ್ಯ ಯಾವ ಕಂತೆಯಲ್ಲಿ?

ಆದ್ದರಿಂದ ನನ್ನ ಅಭಿಪ್ರಾಯ ಇಷ್ಟು. ಯಾವ ಪದ್ಧತಿ ಒಳ್ಳೆಯದು ಎಂದು ಕೇಳುವ ಮೊದಲು ಬೇಲಿ ಎಲ್ಲಿ ಹಾಕಿದ್ದಾರೆ ಎಂದು ನೋಡಬೇಕು. ಹಣದ ಬೇಲಿ ಎಲ್ಲಿ ಮುಗಿಯುತ್ತದೋ ರೋಗಿ ಅಲ್ಲೇ ಬೀಳುತ್ತಾನೆ. ಆಸ್ಪತ್ರೆಯೂ ಮಾಮೂಲಿ ಡಾಕ್ಟರೂ ಡಿಸ್ಚಾರ್ಜ್ ಆದ ಮೊದಲ ಕೆಲವು ವಾರವಾದರೂ ಒಂದೇ ಬೇಲಿಯೊಳಗಿದ್ದರೆ, ತಲಾವಾರೋ ಬಜೆಟ್ಟೋ ಉಳಿತಾಯದ ಪಾಲೋ, ಯಾವುದಾದರೂ ಒಂದು ಹಂತಕ್ಕೆ ನಡೆಯುತ್ತದೆ.

ಕಟುಕಣ್ಣು

ಮತ್ತೆ ಬಾಗಿಲು ಮುಚ್ಚೋದು? ಅದಕ್ಕೆ ಯಾರೂ ಉತ್ತರ ಕೊಡಲಿಲ್ಲ.

ಹಳೇ ಸ್ಟೆತಸ್ಕೋಪು

ಬಾಗಿಲು ಮುಚ್ಚದಂತೆ ಆರೈಕೆಯ ಗುಣಮಟ್ಟ ಅಳೆಯಬೇಕು, ಆದರೆ ಲೆಕ್ಕವಿಲ್ಲದಷ್ಟು ಅಳೆಯಬಾರದು. ಬ್ರಿಟನ್ನಿನಲ್ಲಿ 2004ರಲ್ಲಿ ಜನರಲ್ ಪ್ರಾಕ್ಟೀಸಿಗೆ 146 ಅಳತೆಗೋಲು, 1050 ಅಂಕ ಇಟ್ಟರು. ಅಂಕಕ್ಕೆ ಹಣ. ವೈದ್ಯರು ಮೊದಲ ವರ್ಷವೇ ಸರ್ಕಾರ ಎಣಿಸಿದ್ದಕ್ಕಿಂತ ಹೆಚ್ಚು ಗಳಿಸಿದರು. ಡಾಕ್ಟರು ರೋಗಿಯ ಮುಖ ಬಿಟ್ಟು ಸ್ಕ್ರೀನಿನ ಖಾನೆ ತುಂಬುತ್ತಾ ಕೂತರು. ಸ್ಕಾಟ್ಲೆಂಡ್ 2016ರಲ್ಲಿ ಅದನ್ನು ಕೈಬಿಟ್ಟಿತು. ನನ್ನ ಮಟ್ಟಿಗೆ ಐದಾರು ಅಳತೆ ಸಾಕು, ಅದರಲ್ಲಿ ಒಂದು "ಬೇಕೆಂದಾಗ ಡಾಕ್ಟರು ಸಿಕ್ಕರೇ?" ಎಂದು ರೋಗಿಯನ್ನೇ ಕೇಳುವುದಿರಲಿ.

ಲೆಕ್ಕದ ಪುಸ್ತಕ

ಕಾಕತಾಳೀಯ ನೋಡಿ. ನಮ್ಮ ಆಸ್ಪತ್ರೆ ಹೊರಗಿನ ಡಾಕ್ಟ್ರ ಗುಂಪಿನ ಜೊತೆ ಉಳಿತಾಯ ಹಂಚಿಕೆ ಒಪ್ಪಂದ ಮಾಡ್ತಿದೆ, ಕರಡು ನನ್ನ ಮೇಜಿನ ಮೇಲೇ ಇದೆ. ನಲವತ್ತು ಪುಟ. ಇವತ್ತು ಸಂಜೆ ಹುಡುಕಿದೆ, ಪಾಲು ಹೇಗೆ ಹಂಚೋದು ಅಂತ ಹನ್ನೊಂದು ಪುಟ ಇದೆ, ಡಿಸ್ಚಾರ್ಜ್ ಆದವರ ಮಾತ್ರೆ ಪಟ್ಟಿ ಯಾರು ತಾಳೆ ನೋಡೋದು ಅಂತ ಒಂದು ಸಾಲೂ ಇಲ್ಲ. ನಾಳಿದ್ದು ಮೀಟಿಂಗು. "ಎರಡು ದಿನದೊಳಗೆ ಮಾತ್ರೆ ಪಟ್ಟಿ ತಾಳೆ" ಅಂತ ಸೇರಿಸ್ತೀನಿ. ಜವಾಬ್ದಾರಿ ಅನ್ನೋ ಖಾನೇಲಿ ಯಾರ ಹೆಸರು ಬರೀಲಿ? ಡಾಕ್ಟ್ರು ಅಂತ ಬರೆದ್ರೆ ನಡೆಯಲ್ಲ ಅಂತ ಗೊತ್ತು.

ರಾತ್ರಿಪಾಳಿ

ನರ್ಸು ಅಂತ ಬರೀರಿ ಸರ್, ನಾವೇ ಮಾಡೋದು. ಆದ್ರೆ ಪಕ್ಕದ ಖಾನೇಲಿ ಅವಳ ಸಂಬಳ ಯಾವ ಲೆಕ್ಕದಿಂದ ಅಂತ ಬರೀರಿ. ಉಳಿತಾಯ ಬಂದ ಮೇಲೆ ಅಲ್ಲ, ಮೊದಲನೇ ತಿಂಗಳಿಂದಲೇ. ಉಳಿತಾಯದ ಚೆಕ್ ಬರೋಕೆ ಒಂದೂವರೆ ವರ್ಷ ಆಗುತ್ತೆ, ಅಷ್ಟರೊಳಗೆ "ಬಜೆಟ್ ಇಲ್ಲ" ಅಂತ ಅವಳನ್ನ ವಾರ್ಡಿಗೆ ವಾಪಸ್ ಹಾಕ್ತೀರಿ. ನನ್ನನ್ನ ಎರಡು ಸಲ ಹಾಕಿದ್ದಾರೆ.

ಲೆಕ್ಕದ ಪುಸ್ತಕ

ಬರೆದುಕೊಂಡೆ. ನರ್ಸಿನ ಸಂಬಳದಲ್ಲಿ ಆಸ್ಪತ್ರೆ ಶೇಕಡ 60, ಡಾಕ್ಟ್ರ ಗುಂಪು ಶೇಕಡ 40, ಮೊದಲ ತಿಂಗಳಿಂದ. ಒಪ್ತಾರೋ ಇಲ್ವೋ ನಾಳಿದ್ದು ರಾತ್ರಿ ಬಂದು ಹೇಳ್ತೀನಿ.

ಮೂರನೇ ಮಗಳು

ಕಾಯ್ತಿರ್ತೀನಿ ಸರ್. ಸಿಸ್ಟರ್, ಅಪ್ಪನ ಈಗಿನ ಪಟ್ಟೀಲಿ ಒಂಬತ್ತು ಮಾತ್ರೆ ಇದೆ. ಎಲ್ಲದರ ಒಳಗಿನ ಔಷಧಿ ಹೆಸರು ಡಬ್ಬಿ ನೋಡಿ ಒಂದು ಹಾಳೇಲಿ ಬರೆದು ಎರಡೂ ಕಡೆ ಕೊಟ್ಟಿದ್ದೀನಿ. ಇದಕ್ಕೆ ನನಗೆ ಯಾವ ಕೋಡು?